ತಲಿಯಿಂದ ಬೆನ್ನಿಗೆ ಇಳಿದ ಸಾದಾ ಗಡ್ಡಿ

ನಾನು ಕಾಲು ಮುಂದಾಗಿ ಹುಟ್ಟಿದವಳು. ಎಲ್ಲರೂ ತಲಿ ಮುಂದೆ ಮಾಡಿ ಲೋಕಕ್ಕೆ ಬಂದರೆ ನಾನು ಕಾಲು ಚಾಚಿಕೊಂಡು ಬಂದೆನಂತೆ. ನನ್ನ ಮದುವೆಯಾಗುವ ತನಕ ನಮ್ಮವ್ವ ಇದನ್ನು ಎತ್ತಿ ಆಡುತ್ತಿದ್ದಳು: "ಹುಟ್ಟುವಾಗಲೇ ನನ್ನ ಒದ್ದು ಬಂದಾಕಿ, ಇನ್ನ ಅತ್ತಿ ಮಾತು ಕೇಳ್ತಾಳೇನು?"

ಆದರೆ ಹಾಗೆ ಹುಟ್ಟಿದವರಿಗೆ ನಮ್ಮ ಸೀಮೆಯಲ್ಲಿ ಒಂದು ಉದ್ಯೋಗ ತಾನಾಗಿ ಬರುತ್ತದೆ. ಭಾರ ಎತ್ತುವಾಗಲೋ ಬಗ್ಗುವಾಗಲೋ ಬೆನ್ನು ಹಿಡಿದುಕೊಂಡರೆ ಅದಕ್ಕೆ ಚಳಕು ಅನ್ನುತ್ತೇವೆ. ಚಳಕು ಹಿಡಿದವರು ಕಾಲು ಮುಂದಾಗಿ ಹುಟ್ಟಿದವರ ಮನಿಗೆ ಬಂದು ಹೊಸ್ತಿಲ ಮೇಲೆ ಬೋರಲು ಮಲಗಬೇಕು. ನಾವು ಎಡಗಾಲಿನ ಹಿಮ್ಮಡಿಯನ್ನು ನೋವಿದ್ದ ಜಾಗಕ್ಕೆ ಮೂರು ಸಲ ಮುಟ್ಟಿಸಬೇಕು. ಅವರು ಎದ್ದು, ಹಿಂದಿರುಗಿ ನೋಡದೆ ಹೋಗಬೇಕು. ಅಷ್ಟೇ, ಮತ್ತೇನಿಲ್ಲ.

ಕೊಪ್ಪಳಕ್ಕೂ ಯಲಬುರ್ಗಿಗೂ ನಡುವಿನ ಎರಿ ಹೊಲದ, ಕರಿ ಮಣ್ಣಿನ ಊರು ನಮ್ಮದು. ನಾನು ಸೊಸಿಯಾಗಿ ಬಂದ ವರ್ಷವೇ ಸುದ್ದಿ ಹಬ್ಬಿತು. ಊರಿನ ಗೌಡರು, ಎದುರಿಗೆ ಹೆಂಗಸರು ಬಂದರೆ ಮೀಸಿ ತಿರುವುತ್ತ ನಿಲ್ಲುವ ಗೌಡರು, ನನ್ನ ಹೊಸ್ತಿಲ ಮೇಲೆ ಮಕಾಡೆ ಬಿದ್ದುಕೊಂಡು, "ಮೆಲ್ಲಕ ತಂಗಿ, ಹೊಲದ ಬದುವಿನ ಸಿಟ್ಟು ಇಲ್ಲಿ ತೀರಿಸಬ್ಯಾಡ" ಅಂದರು. ಯಲಬುರ್ಗಿಯ ಅಮೀನರು, ಅಂದರೆ ಪೊಲೀಸಿನ ದೊಡ್ಡವರು, ತಮ್ಮ ರೂಮಿ ಟೋಪಿ ತೆಗೆದು ನನ್ನ ಮಗಳ ಕೈಗೆ ಕೊಟ್ಟು ಮಲಗಿದರು. ನಿಜಾಮರ ರಾಜ್ಯದಲ್ಲಿ ಅಮೀನರನ್ನು ಒದ್ದು, ಜೇಲಿಗೆ ಹೋಗದೆ ಮನಿಯಲ್ಲೇ ಉಳಿದ ಹೆಂಗಸು ನಾನೊಬ್ಬಳೇ ಇರಬೇಕು. ಒದಿಸಿಕೊಂಡು ಎದ್ದವರು "ಶಾಬಾಶ್" ಅಂತ ನೆಟ್ಟಗೆ ನಡೆದು ಹೋದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನನ್ನ ಕಾಲಿನ ಮೇಲೆ ನನಗೆ ಎಷ್ಟು ನಂಬಿಗಿ ಇತ್ತು ಅನ್ನೋದು ನಿಮಗೆ ಗೊತ್ತಾಗಲಿ. ನಾನು ಓದಿದ್ದು ಮಠದ ಅಂಗಳದಲ್ಲಿ, ಮರಳಿನ ಮೇಲೆ ಬೆರಳಾಡಿಸಿ. ಎರಡನೆಯ ಪುಸ್ತಕ ಮುಗಿಯುವುದರೊಳಗೆ ಕೊರಳಿಗೆ ತಾಳಿ ಬಿತ್ತು. ಅಂಥವಳು ಇಷ್ಟುದ್ದ ಬರೆಯಲು ಕೂತದ್ದು ಸಂತೋಷ ಹೊಟ್ಟಿಯಲ್ಲಿ ಹಿಡಿಸದೆ. ನನ್ನ ಮೊಮ್ಮಗಳ ತಲಿಯೊಳಗೆ ಗಡ್ಡಿ ಆಗಿತ್ತು. ಅದು ಬೆನ್ನಿಗೆ ಇಳಿಯಿತು. ಆದರೂ ಅವಳು ಇದ್ದಾಳೆ, ಚೆನ್ನಾಗಿದ್ದಾಳೆ. ಇಂಥ ಕೂಸು ಇನ್ಯಾರ ಮನಿಯಲ್ಲಾದರೂ ಇದ್ದರೆ ಅವರು ಇದನ್ನು ಓದಲಿ, ಇಲ್ಲವೆ ಓದಿಸಿ ಕೇಳಲಿ.

ಮಗಳನ್ನು ಗಂಗಾವತಿಗೆ ಕೊಟ್ಟಿದ್ದೆ. ಅದು ಹಳೇ ಅರಸರ ಕಾಲದ ಕಾಲುವೆ ನೀರಿನ ಸೀಮೆ, ವರ್ಷವಿಡೀ ಹಸಿರು, ಮೂರು ಹೊತ್ತೂ ಅನ್ನ. ನನ್ನ ಬೀಗತಿ, ಅಂದರೆ ಮಗಳ ಅತ್ತಿ, ನಾನು ಹೋದಾಗಲೆಲ್ಲ, "ಬರ್ರಿ ಯಕ್ಕಾ, ರೊಟ್ಟಿ ತಟ್ಟಿ ತಟ್ಟಿ ಕೈ ಸವದಿರಬೇಕು, ನಾಕ ದಿನ ಅನ್ನ ಉಂಡು ಹೋಗ್ರಿ" ಅನ್ನುವಳು. ನಾನೂ ಬಿಡುತ್ತಿರಲಿಲ್ಲ. "ಅನ್ನ ಉಂಡವರಿಗೇ ಬೆನ್ನು ಹಿಡಿಯೋದು ಹೆಚ್ಚು, ನನ್ನ ಹೊಸ್ತಿಲು ನೋಡ್ರಿ" ಅನ್ನುತ್ತಿದ್ದೆ. ಬಾಯಿ ಬಿರುಸು, ಮನಸ್ಸು ಛಲೋ, ಅಂಥ ಹೆಂಗಸು.

ಮೊಮ್ಮಗಳು ಗೌರವ್ವನಿಗೆ ಆಗ ಏಳೆಂಟು ವರ್ಷ ಇರಬೇಕು. ಜರ್ಮನಿಯವರ ಯುದ್ಧ ನಡೆದಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹುಡುಗಿ ಬೆಳಿಗ್ಗೆ ಎದ್ದ ಕೂಡಲೇ ತಲಿ ಹಿಡಿದುಕೊಂಡು ಅಳುವುದು, ವಾಂತಿ ಮಾಡುವುದು. ಆಮೇಲೆ ಏನೂ ಆಗದವರ ಹಾಗೆ ಆಡಲು ಹೋಗುವುದು. ಬೀಗತಿ ಪಿತ್ತ ಅಂತ ಜೀರಿಗಿ ಕಷಾಯ ಕುಡಿಸಿದಳು. ಬರಬರುತ್ತ ನಡಿಗಿ ಕೆಟ್ಟಿತು. ಗದ್ದಿಯ ಬದುವಿನ ಮೇಲೆ ಹೋಗುತ್ತ ಅತ್ತ ವಾಲುವಳು, ಇತ್ತ ವಾಲುವಳು. ಓಣಿಯವರು "ಗೌರವ್ವಾರು ಸಿಂದಿ ಕುಡದಾರ" ಅಂತ ನಕ್ಕರು. ಅವಳೂ ನಕ್ಕಳು. ಒಂದು ಕಣ್ಣು ಮೆಳ್ಳಗಾದಾಗ ಮಾತ್ರ ಯಾರೂ ನಗಲಿಲ್ಲ.

ಗಂಗಾವತಿಯ ದವಾಖಾನಿಯ ಡಾಕ್ಟರು ಸಣ್ಣ ಕನ್ನಡಿಯಿಂದ ಅವಳ ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, "ತಲೆಯೊಳಗೆ ಏನೋ ಬೆಳೆಯುತ್ತಿದೆ, ಮುಂಬಯಿಗೆ ಒಯ್ಯಿರಿ, ತಡ ಮಾಡಬೇಡಿ" ಅಂದರು. ಮಗಳು ಹಸಿ ಬಾಣಂತಿ, ಬರುವ ಹಾಗಿರಲಿಲ್ಲ. ಅಳಿಯ ಮತ್ತು ನಾನು ಕೊಪ್ಪಳದಲ್ಲಿ ರೈಲು ಹತ್ತಿದೆವು. ಡಬ್ಬಿ ತುಂಬ ಸಿಪಾಯಿಗಳು. ಒಬ್ಬ ಸಿಪಾಯಿ ತನ್ನ ಹಾಸಿಗಿ ಸುರುಳಿ ಬಿಚ್ಚಿ ಹುಡುಗಿಯನ್ನು ಅದರ ಮೇಲೆ ಮಲಗಿಸಿದ. ಅವನ ತಾಯಿ ಹೊಟ್ಟಿ ತಣ್ಣಗಿರಲಿ.

ಮುಂಬಯಿಯ ದೊಡ್ಡ ಡಾಕ್ಟರು ವಿಲಾಯತಿಗೆ ಹೋಗಿ ಬಂದವರು. ಎತ್ತರದ ಮನುಷ್ಯ, ಮಾತು ಕಡಿಮಿ. ಅವರು ಹಿಂದೂಸ್ತಾನಿ ಆಡುತ್ತಿದ್ದರು, ನನಗೆ ನಿಜಾಮರ ಸೀಮೆಯಲ್ಲಿ ಕಿವಿಗೆ ಬಿದ್ದು ಬಿದ್ದು ಬಂದದ್ದಿತ್ತು. ಹುಡುಗಿಯ ಜಡಿ ತೆಗೆಯಬೇಕಾದಾಗ ಅವಳು ರಂಪ ಮಾಡಿದಳು. ಡಾಕ್ಟರು ತಮ್ಮ ಬೋಳು ತಲಿ ಬಗ್ಗಿಸಿ ತೋರಿಸಿ, "ನಾವಿಬ್ಬರೂ ಒಂದೇ ಥರ ಕಾಣೋಣ" ಅಂದರು. ತಲಿಯ ಹಿಂಭಾಗ ತೆರೆದು ಗಡ್ಡಿ ತೆಗೆದರು. ಅದರ ಚೂರನ್ನು ದೊಡ್ಡದು ಮಾಡಿ ತೋರಿಸುವ ಗಾಜಿನಲ್ಲಿ ನೋಡಿ, ಹೊರಗೆ ಬಂದು ನಮಗೆ ಹೇಳಿದರು: "ಬುರಿ ನಹೀ. ಸಾದಾ ಹೈ." ಅಂದರೆ ಕೆಟ್ಟದ್ದಲ್ಲ, ಸಾದಾ.

ಸಾದಾ! ಅಳಿಯ ಆ ಮಾತನ್ನು ಮುಂಬಯಿಯಿಂದ ಗಂಗಾವತಿಯ ತನಕ ಬಾಯಲ್ಲಿಟ್ಟುಕೊಂಡು ಬಂದ. ನಮ್ಮಲ್ಲಿ ಸಾದಾ ಅಂದರೆ ಏನು? ಅಂಚಿಲ್ಲದ ಸೀರಿ ಸಾದಾ. ಒಗ್ಗರಣಿ ಬೀಳದ ಸಾರು ಸಾದಾ. ಯಾರ ತಂಟೆಗೂ ಹೋಗದ ಮನುಷ್ಯ ಸಾದಾ. ಸಾದಾ ಗಡ್ಡಿ ಅಂದಮೇಲೆ ಅದು ಮುಗಿದ ಕತಿ, ಕಿತ್ತು ಒಗೆದಾಯ್ತು, ಇನ್ನು ಬರುವುದಿಲ್ಲ. ನಾವೆಲ್ಲ ಹಾಗೇ ತಿಳಿದೆವು. ಹುಡುಗಿಯ ಕೂದಲು ಬೆಳೆಯಿತು, ಕಣ್ಣು ನೆಟ್ಟಗಾಯಿತು, ಬದುವಿನ ಮೇಲೆ ಆಡಿನ ಮರಿಯ ಹಾಗೆ ಓಡಿದಳು. ಯುದ್ಧವೂ ಮುಗಿಯಿತು.

ಆಮೇಲೆ ಬೆನ್ನು ನೋವು ಬಂತು.

ಮೊದಮೊದಲು ಮಗಳು ಗಮನ ಕೊಡಲಿಲ್ಲ, ಕೊಡ ಹೊತ್ತಿರಬೇಕು ಅಂದುಕೊಂಡಳು. ನೋವು ಬಿಡಲಿಲ್ಲ. ಮನಿಯವರೆಲ್ಲ ಮಾತಾಡಿಕೊಂಡರು. ತಲಿಯದು ಮುಗಿದಿದೆ, ಡಾಕ್ಟರೇ ಸಾದಾ ಅಂದಿದ್ದಾರೆ. ಇದು ಬೆನ್ನು. ಬೆನ್ನಿಗೆ ಮುಂಬಯಿ ಯಾಕೆ, ಅಜ್ಜಿ ಇಲ್ಲವೇ? ಬೀಗತಿ ಮತ್ತು ಅಳಿಯ ಹುಡುಗಿಯನ್ನು ಗಾಡಿಯಲ್ಲಿ ಹಾಕಿಕೊಂಡು ನಮ್ಮೂರಿಗೆ ಬಂದರು.

ನನಗೆ ಹೆಮ್ಮಿ ಆಗಿತ್ತು, ಸುಳ್ಳು ಹೇಳುವುದಿಲ್ಲ. ಗಂಗಾವತಿಯವರು ನನ್ನ ಕಾಲು ಹುಡುಕಿಕೊಂಡು ಬಂದರಲ್ಲ! ಹೊಸ್ತಿಲು ತೊಳೆದೆ. ಹುಡುಗಿ ಮಲಗಿದಳು. ಹೂ ಮುಟ್ಟಿಸಿದ ಹಾಗೆ ಮೂರು ಸಲ ಹಿಮ್ಮಡಿ ಮುಟ್ಟಿಸಿ, "ಏಳು ನನ್ನವ್ವ, ಹಿಂದ ನೋಡದ ಹೋಗು" ಅಂದೆ.

ಅವಳು ಏಳಲು ಒದ್ದಾಡಿದಳು. ಮೊದಲು ಮೊಣಕಾಲಿನ ಮೇಲೆ ಕೈ ಊರಿದಳು, ಆಮೇಲೆ ತೊಡಿಯ ಮೇಲೆ. ತನ್ನ ಮೈಯನ್ನೇ ನಿಚ್ಚಣಿಕಿ ಮಾಡಿಕೊಂಡು ಹತ್ತಿದ ಹಾಗೆ ಎದ್ದು ನಿಂತು, "ಅಜ್ಜಿ, ಹೋಗಲಿಲ್ಲ" ಅಂದಳು.

ಬೀಗತಿಗೆ ಇಷ್ಟೇ ಬೇಕಿತ್ತು. "ಏನ್ರಿ ಯಕ್ಕಾ, ಅಮೀನನ ಬೆನ್ನಿಗೆ ಹತ್ತಿದ ಕಾಲು ಸ್ವಂತ ಮೊಮ್ಮಗಳ ಬೆನ್ನಿಗೆ ಹತ್ತಲಿಲ್ಲಲ್ರಿ. ತುಕ್ಕು ಹಿಡೀತೇನು?"

"ಕಾಲಿಗೇನೂ ಆಗಿಲ್ಲ. ನನ್ನ ಕಾಲಿಗೆ ಹೋಗಲಿಲ್ಲಂದ್ರ ಅದು ಚಳಕೇ ಅಲ್ಲ."

"ಅಂದ್ರ ತಪ್ಪು ನೋವಿಂದು, ನಿಮ್ಮದಲ್ಲ!"

"ಹೌದು, ನೋವಿಂದ."

ನಗಬೇಡಿರಿ. ನಾನು ಹಟಕ್ಕೆ ಹೇಳಿದ್ದಲ್ಲ. ಚಳಕಿಗೆ ಒಂದು ಸ್ವಭಾವ ಇದೆ. ಮಲಗಿದರೆ ಅದು ಇಳಿಯುತ್ತದೆ. ಇವಳದು ಮಲಗಿದರೆ ಏರುತ್ತಿತ್ತು, ಕೂತರೆ ಕಡಿಮಿ ಆಗುತ್ತಿತ್ತು. ಇವಳಿಗೆ ಇದು ಎಲ್ಲಿ ಶುರುವಾಯಿತು, ಏನು ಎತ್ತಿದಾಗ ಹಿಡಿಯಿತು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಷ್ಟೊಂದು ಬೆನ್ನು ಮುಟ್ಟಿದ ಕಾಲಿಗೆ ಈ ಬೆನ್ನು ಬೇರೆ ಅನ್ನಿಸಿತು.

ಅಳಿಯ ಒಪ್ಪಲಿಲ್ಲ. "ಅತ್ತಿ, ಡಾಕ್ಟರು ಸಾದಾ ಅಂದದ್ದು ನೀವೂ ಕೇಳೀರಿ. ತಲಿಗೂ ಬೆನ್ನಿಗೂ ಏನು ಸಂಬಂಧ? ಕುಷ್ಟಗಿ ಕಡೆ ಎಲುಬು ಕೂಡಿಸುವವ ಒಬ್ಬ ಅದಾನ. ಬೆನ್ನು ತಿರುವಿ ಒಂದ ಸಲ ಲಟಕ್ ಅನಿಸಿದ್ರ ಆತಂತ. ನಾಳೆ ಅಲ್ಲಿಗೆ ಹೋಗ್ತೀವಿ."

ಆ ತಿರುವುವವನ ಕೈ ನಾನು ನೋಡಿದ್ದೆ, ಹಗ್ಗ ಹೊಸೆದ ಹಾಗೆ ಮನುಷ್ಯರನ್ನು ಹೊಸೆಯುತ್ತಿದ್ದ. ಈ ಎಳೇ ಬೆನ್ನು ಅವನ ಕೈಗೆ ಸಿಕ್ಕರೆ ನನ್ನ ಹುಡುಗಿ ಮತ್ತೆ ನಿಲ್ಲುವುದಿಲ್ಲ ಅಂತ ನನ್ನ ಹೊಟ್ಟಿ ಹೇಳಿತು. ಆದರೆ ಹೊಟ್ಟಿ ಹೇಳಿದ್ದನ್ನು ಅಳಿಯನಿಗೆ ಹೇಗೆ ತೋರಿಸುವುದು?

ಮರುದಿನ ಬೆಳಿಗ್ಗೆ ಪಡಸಾಲಿಗೆ ಸೆಗಣಿ ಸಾರಿಸಿದ್ದೆ, ನೆಲ ಇನ್ನೂ ಹಸಿ ಇತ್ತು. ಹುಡುಗಿ ಒಳಗಿನಿಂದ ಬಾಗಿಲ ತನಕ ಅದರ ಮೇಲೆಯೇ ನಡೆದು ಹೋದಳು. ಬೈಯಬೇಕು ಅಂತ ಬಾಯಿ ತೆರೆದವಳು ನೆಲ ನೋಡಿ ಅಲ್ಲೇ ಬಗ್ಗಿದೆ. ಬಲಗಾಲು ಒಂದೊಂದು ಹೆಜ್ಜಿಯಾಗಿ ಮೂಡಿತ್ತು. ಎಡಗಾಲಿನ ಹೆಜ್ಜಿ ಇರಲೇ ಇಲ್ಲ. ಹೆಬ್ಬೆರಳು ಉದ್ದಕ್ಕೂ ಗೀರು ಎಳೆದಿತ್ತು, ಕೂರಿಗಿ ಹೊಡೆದ ಸಾಲಿನ ಹಾಗೆ.

"ನೆಲ ತಣ್ಣಗಿಲ್ಲೇನವ್ವಾ?" ಅಂತ ಕೇಳಿದೆ.

"ಯಾವ ನೆಲ?" ಅಂದಳು.

ಅಳಿಯನನ್ನು ತೋಳು ಹಿಡಿದು ಎಳೆದು ತಂದು ಆ ಗೀರಿನ ಎದುರಿಗೆ ನಿಲ್ಲಿಸಿದೆ. "ನೋಡು. ಇದು ಬೆನ್ನಿನ ಹಿಡಿತ ಏನು? ಚಳಕು ಹಿಡಿದವರು ಕಾಲು ಎಳೀತಾರೇನು? ಇದನ್ನ ತಿರುವಿ ಲಟಕ್ ಅನಸ್ತೀಯೇನು ನೀನು?"

ಅವನು ಕುಕ್ಕರಗಾಲಿನಲ್ಲಿ ಕೂತು ಆ ಗೀರಿನ ಮೇಲೆ ಬೆರಳಾಡಿಸಿದ. ಮಗಳನ್ನು ಹತ್ತಿರ ಕರೆದು ಕಾಲು ಚಿವುಟಿದ. ಅವಳಿಗೆ ಗೊತ್ತಾಗಲಿಲ್ಲ. ಹಿಂದೆ ನಿಂತಿದ್ದ ಬೀಗತಿ ಅದನ್ನು ನೋಡಿದಳು. ಅಳಿಯ ಎದ್ದವನೇ, "ಗಾಡಿ ಹೂಡ್ತೀನಿ, ಅತ್ತಿ. ಕುಷ್ಟಗಿಗಲ್ಲ, ಟೇಸನ್ನಿಗೆ" ಅಂದ.

ಮುಂಬಯಿ ತಲುಪುವ ಹೊತ್ತಿಗೆ ಅವಳನ್ನು ಎತ್ತಿಕೊಂಡೇ ಇಳಿಸಬೇಕಾಯಿತು. ಡಾಕ್ಟರು ಗುರುತು ಹಿಡಿದರು. ಕಾಲುಗಳನ್ನು ತಟ್ಟಿ ನೋಡಿದರು. ಸೊಂಟದ ಹತ್ತಿರ ಸೂಜಿ ಹಾಕಿ ಎಣ್ಣೆಯಂಥ ಔಷಧಿ ಬಿಟ್ಟು, ಅವಳನ್ನು ಹಲಗಿಗೆ ಕಟ್ಟಿ ಹಲಗಿಯನ್ನೇ ಓರೆ ಮಾಡಿದರು. ಬೆನ್ನುಹುರಿಯ ಸುತ್ತ ಆ ಎಣ್ಣೆ ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಪಟ ತೆಗೆದರು. ಪಟವನ್ನು ಬೆಳಕಿಗೆ ಹಿಡಿದು ನಮ್ಮಿಬ್ಬರನ್ನೂ ಕರೆದರು. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಬಡೀ ಅಮ್ಮಾ, ತಲೆಯ ಗಡ್ಡೆಯೇ ಇದು. ಬೆನ್ನಿಗೆ ಇಳಿದು ಬಂದಿದೆ."

ಅಳಿಯ ತಡೆಯಲಾರದೆ ಕೇಳಿದ: "ಸಾಬ್, ನೀವು ಸಾದಾ ಅಂದಿದ್ರಿ!"

"ಈಗಲೂ ಸಾದಾ ಅಂತಲೇ ನನ್ನ ಎಣಿಕೆ. ಸಾದಾ ಅಂದರೆ ಮೆಲ್ಲಗೆ ಬೆಳೆಯುತ್ತದೆ, ಸುತ್ತಲಿನದನ್ನು ಕಚ್ಚಿ ತಿನ್ನುವುದಿಲ್ಲ ಅಂತ. ಕೂತಲ್ಲಿಂದ ಕದಲುವುದೇ ಇಲ್ಲ ಅಂತಲ್ಲ. ತಲೆಯೊಳಗೆ ನೀರಿದೆ. ಅದೇ ನೀರು ಬೆನ್ನುಹುರಿಯ ಸುತ್ತಲೂ ಇಳಿಯುತ್ತದೆ. ಆ ನೀರಿನಲ್ಲಿ ಒಂದೆರಡು ಕಣ ತೇಲಿ ಬಂದು ಇಲ್ಲಿ ಕಚ್ಚಿಕೊಂಡಿವೆ. ಮಕ್ಕಳಲ್ಲಿ ಅಪರೂಪಕ್ಕೆ ಹೀಗಾಗುತ್ತದೆ ಅಂತ ಓದಿದ್ದೆ. ನನ್ನ ಕೈಗೆ ಬಂದದ್ದು ಇದೇ ಮೊದಲು."

ಅಳಿಯನ ಮುಖ ನೋಡಿದೆ. ಅವನು ಕಾಲುವೆ ಸೀಮೆಯವನು. ಮೇಲಿನವರ ಗದ್ದಿಯ ಕಸದ ಬೀಜ ನೀರಿನ ಜೊತೆ ಬಂದು ತನ್ನ ಗದ್ದಿಯಲ್ಲಿ ಹುಟ್ಟಿದ್ದಕ್ಕೆ ಎಷ್ಟು ಸಲ ಜಗಳ ಆಡಿದ್ದಾನೋ! ಅವನಿಗೆ ಒಂದೇ ಮಾತಿಗೆ ತಿಳಿಯಿತು. "ತೂಬಿನಾಗಿಂದ ಇಳದೈತಿ" ಅಂತ ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ ಡಾಕ್ಟರನ್ನು ನೋಡಿ, "ಕೀಳಾಕ ಬರತೈತೇನ್ರಿ?" ಅಂದ.

"ಹುರಿಯನ್ನು ಒತ್ತಿ ಹಿಡಿದದ್ದು ಒಂದಿದೆ, ಅದನ್ನು ತೆಗೆಯುತ್ತೇನೆ. ಕಾಳಿನಷ್ಟಿರುವ ಸಣ್ಣವು ಇನ್ನೂ ಇವೆ. ಅವನ್ನು ಕೆದಕಿದರೆ ಹುರಿಗೇ ಪೆಟ್ಟು. ಅವು ಬೆಳೆಯದ ಹಾಗೆ ಎಕ್ಸ್‌ರೇ ಯಂತ್ರದ ಬೆಳಕು ಕೊಡುತ್ತೇವೆ. ಕಾಲು ಬರುತ್ತದೋ ಇಲ್ಲವೋ, ಈಗ ಹೇಳಲಾರೆ."

ನಾನು ಹೇಳಿದೆ: "ಬರತಾವ ಸಾಬ್. ನೀವು ನಿಮ್ಮ ಕೆಲಸ ಮಾಡ್ರಿ."

ಅವರು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ನಿಮಗೆ ಹೇಗೆ ಗೊತ್ತು?"

"ತಡ ಮಾಡದ ತಂದೀವಿ, ಅದಕ್ಕ."

ಆ ಮಾತು ಅವರಿಗೆ ಹಿಡಿಸಿತು. ನಿಜವಾಗಿಯೂ ನನಗೆ ಹೆದರಿಕಿ ಇರಲಿಲ್ಲವೇ ಅಂತ ಮಗಳು ಈಗಲೂ ಕೇಳುತ್ತಾಳೆ. ಇತ್ತು, ಯಾಕಿರಲಿಲ್ಲ? ಆದರೆ ತಿರುವುವವನ ಕೈಯಿಂದ ತಪ್ಪಿಸಿ ತಂದಿದ್ದೆ. ಅಲ್ಲಿಂದ ಇಲ್ಲಿಯ ತನಕ ಬಂದವರು ಮುಂದೂ ಹೋಗುತ್ತೇವೆ ಅಂತ ನನ್ನ ಲೆಕ್ಕ.

ಬೆನ್ನು ತೆರೆದರು, ಹೊಲಿದರು. ಚೂರನ್ನು ಮತ್ತೆ ಗಾಜಿನಲ್ಲಿ ನೋಡಿದರು. ತಲಿಯಲ್ಲಿದ್ದ ಜಾತಿಯೇ, ಅದೇ ಸಾದಾ. ಅಳಿಯ ಈ ಸಲ ಆ ಮಾತಿಗೆ ಹಿಗ್ಗಲಿಲ್ಲ. "ಸಾದಾ ಇರಲಿ, ಕಾಲು ಹೇಳ್ರಿ" ಅಂದ. ಕಾಲು ಏನೂ ಹೇಳುತ್ತಿರಲಿಲ್ಲ. ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿದ್ದರು. ಅವಳ ಕಾಲುಗಳು ಯಾರೋ ಬಿಟ್ಟು ಹೋದ ಸಾಮಾನಿನ ಹಾಗೆ ಹಾಸಿಗಿಯ ಕೊನಿಯಲ್ಲಿದ್ದವು. ನಾನು ದಿನಾ ಬೆಳಿಗ್ಗೆ ಮುಖ ತೊಳೆದು ಬಂದು ಅವಳ ಪಾದ ತಿಕ್ಕುತ್ತಿದ್ದೆ, ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ. ಗೌಡರ ಎಮ್ಮಿ ಕರು ಹಾಕಿದ್ದು, ಬೀಗತಿ ಗಂಗಾವತಿಯಲ್ಲಿ ಒಲಿ ಮುಂದೆ ಕೂತು ನನಗೆ ಬೈಯುತ್ತಿರಬಹುದಾದದ್ದು, ಎಲ್ಲಾ.

ಒಂದು ಬೆಳಿಗ್ಗೆ ಹಾಗೇ ಮಾತಾಡುತ್ತ ಪಾದ ಹಿಡಿದೆ. ಅವಳು ಮುಖ ಸಿಂಡರಿಸಿ ಅಂದಳು: "ಅಜ್ಜಿ, ನಿನ್ನ ಕೈ ಥಂಡಿ ಐತಿ, ತಗಿ."

ನಾನು ತೆಗೆಯಲಿಲ್ಲ. ಮತ್ತೊಂದು ಪಾದವನ್ನೂ ಹಿಡಿದೆ. "ಎರಡೂ ಥಂಡಿ! ತಗಿ ಅಂದ್ನೆಲ್ಲ!"

"ಇನ್ನೊಮ್ಮೆ ಬೈಯವ್ವಾ, ಇನ್ನೊಮ್ಮೆ ಬೈ" ಅಂತ ನಾನು ಕೂಗಿದ್ದು ಆ ಉದ್ದನ್ನ ಕೋಣಿಯ ತುಂಬ ಕೇಳಿತಂತೆ. ನರ್ಸಬಾಯಿ ಏನೋ ಅನಾಹುತ ಆಯಿತೆಂದು ಓಡಿ ಬಂದಳು. ನಾನು ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಪಾದಕ್ಕೆ ಮುಟ್ಟಿಸುತ್ತಿದ್ದೆ, ಹುಡುಗಿ ಬೈಯುತ್ತಿದ್ದಳು, ಅಳಿಯ ಗೋಡಿಗೆ ಮುಖ ಹಚ್ಚಿ ಅಳುತ್ತಿದ್ದ. ಡಾಕ್ಟರು ಬಂದು ನೋಡಿ, ಅವರೂ ಒಮ್ಮೆ ಬೈಸಿಕೊಂಡು ಹೋದರು. ಬೆರಳು ಅಲುಗಾಡಿದ್ದು ಅದರ ನಂತರ. ಮೊಣಕಾಲು ಮಡಿಸಿದ್ದು ಇನ್ನೂ ಆಮೇಲೆ. ಯಂತ್ರದ ಬೆಳಕಿನಿಂದ ಬೆನ್ನಿನ ಚರ್ಮ ಕಪ್ಪಾಯಿತು, ಊಟ ಸೇರುತ್ತಿರಲಿಲ್ಲ. ಅದೂ ಕಳೆಯಿತು.

ಬೀಗತಿ ಗಾಡಿಯಲ್ಲಿ ಭತ್ತದ ಹುಲ್ಲು ಮೆತ್ತಗೆ ಹಾಸಿಕೊಂಡು ಕೊಪ್ಪಳದ ಟೇಸನ್ನಿಗೇ ಬಂದಿದ್ದಳು. ಮೊಮ್ಮಗಳು ಕೋಲು ಊರಿ ಇಳಿದದ್ದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಹತ್ತಿರ ಬಂದು, "ಯಕ್ಕಾ, ನಿಮ್ಮ ಬಾಯಿ ಭಾಳ ಗಟ್ಟಿ ಅಂತ ಬೈತಿದ್ದೆ. ಗಟ್ಟಿ ಇದ್ದದ್ದಕ್ಕ ಕೂಸು ಬಂತು" ಅಂದಳು. ಮರುಕ್ಷಣವೇ, "ಆದ್ರೂ ಭಾಳ ಗಟ್ಟಿ" ಅಂದಳು. ಆ ದಿನ ಅವಳ ಮನಿಯ ಅನ್ನ ನಾನು ಮರು ಬಡಿಸಿಕೊಂಡು ಉಂಡೆ.

ವರ್ಷಕ್ಕೊಮ್ಮೆ ತೋರಿಸಬೇಕು ಅಂತ ಡಾಕ್ಟರು ಹೇಳಿದ್ದರು. ನಡುವೆ ರಜಾಕಾರರ ಗದ್ದಲ ಬಂತು, ಊರು ಬಿಟ್ಟು ಹೊರಗೆ ಕಾಲಿಡುವ ಹಾಗಿರಲಿಲ್ಲ. ಗದ್ದಲ ಮುಗಿದು ಹಾದಿ ತೆರೆದ ಕೂಡಲೇ ಅಳಿಯ ಮಗಳನ್ನು ಕರೆದುಕೊಂಡು ಹೋದ. ಡಾಕ್ಟರು ಹಳೇ ಪಟ, ಹೊಸ ಪಟ ಎರಡನ್ನೂ ಒಟ್ಟಿಗೆ ಬೆಳಕಿಗೆ ಹಿಡಿದರಂತೆ. ಕಾಳಿನಂಥವು ಇದ್ದಲ್ಲೇ ಇವೆ, ಒಂದೂ ದೊಡ್ಡದಾಗಿಲ್ಲ, ಹೊಸದೂ ಇಲ್ಲ. "ಇರುತ್ತವೆ. ಇರಲಿ ಬಿಡಿ. ನೋಡುತ್ತ ಇರೋಣ" ಅಂದರಂತೆ. ಈ ಮಾತು ಕೇಳಿ ಬೀಗತಿ ಕಂಗಾಲಾದಳು, ಒಳಗೆ ಇಟ್ಟುಕೊಂಡು ಬದುಕುವುದು ಹೇಗೆ ಅಂತ. ನನಗೆ ಹಾಗೆ ಅನ್ನಿಸಲಿಲ್ಲ. ಬೆಳೆದರೆ ಕಾಲು ಮೊದಲು ಹೇಳುತ್ತದೆ, ನಾವು ನೋಡುತ್ತೇವೆ, ರೈಲು ಇದೆ, ಡಾಕ್ಟರಿದ್ದಾರೆ. ಹೀಗಂತ ಮನಿಮಂದಿಗೆಲ್ಲ ಹೇಳಿಟ್ಟಿದ್ದೇನೆ. ಹುಡುಗಿಗೂ ಹೇಳಿದ್ದೇನೆ. ಅವಳಿಂದ ಏನನ್ನೂ ಮುಚ್ಚಿಟ್ಟಿಲ್ಲ.

ಮೊನ್ನೆ ಎಲ್ಲರೂ ಹುಲಿಗಿಗೆ ಹೋಗಿದ್ದೆವು. ಅಮ್ಮನ ದರ್ಶನಕ್ಕೆ ಮೊದಲು ಹೊಳಿಯಲ್ಲಿ ಮುಳುಗಬೇಕಲ್ಲ. ತುಂಗಭದ್ರೆ ಆವತ್ತು ಸ್ವಲ್ಪ ಸೆಳೆತದಲ್ಲಿದ್ದಳು, ಕಲ್ಲುಗಳು ಪಾಚಿ ಹಿಡಿದಿದ್ದವು. ಮೊಮ್ಮಗಳು ನನ್ನ ಕೈ ಹಿಡಿದುಕೊಂಡು ಇಳಿದಳು. ಎಡಗಾಲು ಇನ್ನೂ ಒಂದು ಗುಂಜಿ ಹಿಂದೆ ಬೀಳುತ್ತದೆ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಮೊಣಕಾಲು ಮಟ್ಟ ನೀರಿಗೆ ಹೋದಾಗ, "ಬಿಡು ಅಜ್ಜಿ" ಅಂದಳು. ದಂಡೆಯಿಂದ ಬೀಗತಿ, "ಬಿಡಬ್ಯಾಡ್ರೀ ಯಕ್ಕಾ! ಹಿಡಕೊಳ್ರೀ!" ಅಂತ ಒದರಿದಳು. ನಾನು ಬಿಟ್ಟೆ.

ಅವಳು ಸೊಂಟದ ತನಕ ಹೋದಳು. ನೀರು ಅವಳನ್ನು ಎಳೆಯುವುದು ಕಾಣುತ್ತಿತ್ತು, ಅವಳು ಕಾಲು ಅಗಲಿಸಿ ನಿಂತಳು. ಮೂಗು ಹಿಡಿದು ಮುಳುಗಿದಳು, ಎದ್ದಳು. ಹಣಿಯ ಮೇಲಿನ ಕೂದಲು ಸರಿಸಿ ನನ್ನ ಕಡೆ ತಿರುಗಿ ನೋಡಿ, "ಅಲ್ಲೇ ಕಂಬದಂಗ ನಿಂತೀಯಲ್ಲ, ಕೆಳಗ ಜಾರತೈತಿ ಹುಷಾರು, ಕೈ ಕೊಡು, ನಾ ಹಿಡೀತೀನಿ" ಅಂದಳು.

ನಾನು ಕೈ ಕೊಟ್ಟೆ. ಅವಳೇ ನನ್ನನ್ನು ಹೊಳಿಯೊಳಗೆ ಇಳಿಸಿದಳು.